ಕೂದಲು ಮಲಗಿದ ದಿಕ್ಕಿಗೆ

ಅಪ್ಪಾಜಿ,

ಇತ್ತ ನಾವೆಲ್ಲ ಕ್ಷೇಮ ಎಂದು ಬರೆದೇ ಪತ್ರ ಶುರು ಮಾಡಬೇಕೆಂದು ಕಲಿಸಿದವರು ನೀವು. ಈ ಸಲ ಆ ಸಾಲು ಬರೆಯಲು ಧೈರ್ಯವಾಗುತ್ತಿಲ್ಲ. ಕ್ಷೇಮವಾಗಿಯೇ ಇದ್ದೇವೆ. ಆದರೆ ಹಾಗೆಂದು ಬಾಯಿಬಿಟ್ಟರೆ ಎಲ್ಲಿ ಕೈತಪ್ಪಿ ಹೋಗುತ್ತದೋ ಎನ್ನಿಸುತ್ತದೆ. ನೀವು ಹೋದ ಮೇಲೆ ನಡೆದದ್ದನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಕೊಂಡಿಲ್ಲ. ಅಣ್ಣನಿಗೆ ಹೇಳಿದರೆ ಅಂಗಡಿ ಬಿಟ್ಟು ಸೊರಬಕ್ಕೆ ಓಡಿ ಬರುತ್ತಾನೆ. ಇವರಿಗೆ, ಅಂದರೆ ನಿಮ್ಮ ಅಳಿಯನಿಗೆ ಹೇಳಿದರೆ ಅವರೂ ಹೆದರುತ್ತಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಶಿಕಾರಿಪುರದ ನಮ್ಮ ಮನೆಯ ಬಚ್ಚಲ ಹೊರಗಿನ ಕಲ್ಲುಕಟ್ಟೆ ನೆನಪಾಗುತ್ತದೆ. ದಿನಾ ಬೆಳಿಗ್ಗೆ ನೀವು ಅಲ್ಲಿ ಕೂರುತ್ತಿದ್ದಿರಿ. ಹಂಡೆಯ ಬಿಸಿನೀರು ಒಂದು ತಂಬಿಗೆ, ತಣ್ಣೀರು ಒಂದು ತಂಬಿಗೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಖಕ್ಕೆ ಹಾಕಿಕೊಂಡು ಸುಮ್ಮನೆ ಕೂತರೆ ಅಷ್ಟು ಹೊತ್ತು ನಿಮ್ಮನ್ನು ಯಾರೂ ಮಾತಾಡಿಸುವ ಹಾಗಿರಲಿಲ್ಲ. ಆಮೇಲೆ ಸ್ಟೀಲಿನ ಬಟ್ಟಲಲ್ಲಿ ಸೋಪು ಹಾಕಿ, ನೊರೆ ಗಟ್ಟಿಮೊಸರಿನ ಹಾಗೆ ಆಗುವವರೆಗೆ ಬ್ರಷ್ಷು ತಿರುವಿದ್ದೇ ತಿರುವಿದ್ದು. ಜವಳಿ ಅಂಗಡಿಯ ಬಾಗಿಲು ತೆಗೆಯಲು ತಡವಾದರೂ ಇದರಲ್ಲಿ ಮಾತ್ರ ಅವಸರವಿಲ್ಲ. “ಗಿರಾಕಿ ಮೊದ್ಲು ನೋಡಾದು ಬಟ್ಟೆ ಅಲ್ಲವ್ವ, ನಮ್ ಮಾರಿ,” ಅನ್ನುತ್ತಿದ್ದಿರಿ. ನಾನು ಕನ್ನಡಿ ಹಿಡಿದು ಎದುರಿಗೆ ನಿಲ್ಲುತ್ತಿದ್ದೆ. ರೇಜರು ನಿಮ್ಮ ಗಂಟಲ ಮೇಲೆ ಬಂತೆಂದರೆ ಸಾಕು, ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಕನ್ನಡಿ ಓರೆಯಾಗುತ್ತಿತ್ತು. ನೀವು ಬೈಯುತ್ತಿರಲಿಲ್ಲ. ಕೈ ನಿಲ್ಲಿಸಿ, ನಾನು ಕಣ್ಣು ಬಿಡುವವರೆಗೆ ಕಾಯುತ್ತಿದ್ದಿರಿ. ಅಷ್ಟು ಚಿಕ್ಕವಳಿಗೆ ಆ ಹೆದರಿಕೆ ಎಲ್ಲಿಂದ ಬಂದಿತ್ತೋ...

ನೀವು ಹಾಸಿಗೆ ಹಿಡಿದ ಮೇಲೆ ಬಸಣ್ಣ ನಿಮಗೆ ಶೇವಿಂಗ್ ಮಾಡಲು ಕೂತದ್ದು ನಿಮಗೆ ನೆನಪಿದೆಯೆ? ಜವಳಿ ಅಂಗಡಿಯಲ್ಲಿ ಕತ್ತರಿ ಹಿಡಿದು ಮಾರುಗಟ್ಟಲೆ ಬಟ್ಟೆ ಸರ್ರನೆ ಕತ್ತರಿಸುವ ನನ್ನ ಅಣ್ಣ ನಿಮ್ಮ ಕೆನ್ನೆಯ ಮುಂದೆ ಬೆವತುಹೋಗಿದ್ದ. ನಿಮಗೆ ಉಸಿರೆಳೆಯುವುದೇ ಕಷ್ಟ. ಆದರೂ ನೊರೆಯ ಒಳಗಿನಿಂದಲೇ ಹೇಳಿಕೊಟ್ಟಿರಿ. “ಕೂದ್ಲು ಯಾ ಕಡೀಗೆ ಮಲಗ್ಯಾವೋ ಆ ಕಡೀಗೇ ಕೈ ಓಡ್ಸಪ್ಪ. ಎದುರಿಗೆ ಹೋಗಬ್ಯಾಡ. ಒತ್ತಬ್ಯಾಡ, ರೇಜರ್ ತೂಕನೇ ಸಾಕು.” ನಾನು ಮಂಚದ ಪಕ್ಕದಲ್ಲಿ ನೀರಿನ ಬಟ್ಟಲು ಹಿಡಿದು ನಿಂತಿದ್ದೆ. ಆ ಮಾತು ನನಗೆ ಹೇಳಿದ್ದಲ್ಲ. ಆದರೆ ಕಿವಿಯಲ್ಲಿ ಉಳಿದುಕೊಂಡಿತು.

ನೀವು ಹೋದ ಮರುವರ್ಷ ಇವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರಲು ಶುರುವಾಯಿತು. ಎರಡಾಳು ಎತ್ತುವ ಪಂಪಿನ ಮೋಟಾರನ್ನು ಒಬ್ಬರೇ ತಬ್ಬಿ ತಮ್ಮ ರಿಪೇರಿ ಅಂಗಡಿಯೊಳಗೆ ತರುತ್ತಿದ್ದ ಮನುಷ್ಯ, ಬಾಗಿಲಲ್ಲೇ ಕೂತುಬಿಡತೊಡಗಿದರು. ಶಿವಮೊಗ್ಗದಲ್ಲಿ ತೋರಿಸಿದಾಗ ಹೃದಯದ ಕವಾಟ ಕೆಟ್ಟಿದೆ ಅಂದರು. ಎದೆ ತೆರೆದು ಲೋಹದ ಕವಾಟ ಕೂರಿಸಿದರು. ಈಗ ಮನೆ ನಿಶ್ಶಬ್ದವಾಗಿದ್ದರೆ ಇವರ ಎದೆಯಿಂದ ಟಿಕ್ ಟಿಕ್ ಎಂದು ಕೈಗಡಿಯಾರದ ಹಾಗೆ ಕೇಳುತ್ತದೆ ಅಪ್ಪಾಜಿ. ಜೀವ ಇರುವವರೆಗೆ ರಕ್ತ ತೆಳುಮಾಡುವ ಮಾತ್ರೆ ನುಂಗಬೇಕು. ರಕ್ತ ಗಟ್ಟಿಯಾದರೆ ಕವಾಟ ಸಿಕ್ಕಿಕೊಳ್ಳುತ್ತದೆ, ಅತಿ ತೆಳುವಾದರೆ ಎಲ್ಲಿ ಬೇಕಾದರೂ ಸೋರುತ್ತದೆ. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ಗಡ್ಡಕ್ಕೆ ಬ್ಲೇಡ್ ಬೇಡ, ಕರೆಂಟಿನ ಮಿಷನ್ ಬಳಸಿ ಎಂದು ಆವತ್ತೇ ಹೇಳಿ ಕಳಿಸಿದ್ದರು. ಇವರು ಮಿಷನ್ ತಂದರು, ಇಟ್ಟರು. “ಇದ್ರಲ್ಲಿ ಗಡ್ಡ ಹೋಗಲ್ಲ ಮಾರಾಯ್ತಿ, ಗೀರಿದ ಹಾಗಾಗ್ತದೆ ಅಷ್ಟೆ,” ಅಂದು ಮತ್ತೆ ಹಳೆಯ ರೇಜರಿಗೇ ಹೋದರು. ಏನೂ ಆಗಲಿಲ್ಲ. ಏನೂ ಆಗದೆ ಇದ್ದಾಗ ಮನುಷ್ಯ ಮರೆಯುತ್ತಾನಲ್ಲವೆ?

ಬಸಣ್ಣನ ಮಗಳು ಸೌಮ್ಯ ಅಂಜನಾಪುರದಲ್ಲಿ ಮನೆ ಕಟ್ಟಿಸಿದ್ದಾಳೆ. ನೀವು ಎತ್ತಿ ಆಡಿಸಿದ ಮೊಮ್ಮಗಳ ಗೃಹಪ್ರವೇಶಕ್ಕೆ ನಾವು ಹಿಂದಿನ ದಿನವೇ ಹೋಗಿದ್ದೆವು. ಬೆಳಿಗ್ಗೆ ಹೋಮದ ಹೊಗೆ, ನೆಂಟರ ಗಲಾಟೆ. ಒಂದೇ ಬಚ್ಚಲು, ಹೊರಗೆ ಸಾಲು. ಯಾರೋ ಬಾಗಿಲು ಬಡಿಯುತ್ತಿದ್ದರಂತೆ. ಇವರು ತಣ್ಣೀರಲ್ಲೇ ಸೋಪು ಸವರಿ, ಹೊಸ ಬ್ಲೇಡಿನಲ್ಲಿ ಅವಸರವಾಗಿ ಎಳೆದಿದ್ದಾರೆ. ದವಡೆಯ ಕೆಳಗೆ ಒಂದು ಗೀರು. ಅಕ್ಕಿಕಾಳಿನಷ್ಟು. ಹೊರಗೆ ಬಂದಾಗ ಟವೆಲ್ ಒತ್ತಿಕೊಂಡು ನಗುತ್ತಿದ್ದರು. ನಾನು ಟವೆಲ್ ಸರಿಸಿ ನೋಡಿದೆ. ರಕ್ತ ಚಿಮ್ಮುತ್ತಿರಲಿಲ್ಲ. ನೀರಿನ ಊಟೆಯ ಹಾಗೆ ಉಕ್ಕಿ ಉಕ್ಕಿ ಇಳಿಯುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ.

ಅತ್ತಿಗೆ ಪಕ್ಕದ ಮನೆಯಿಂದ ಪಟಿಕದ ಕಲ್ಲು ತಂದಳು. ನೀವು ಗಡ್ಡ ಕೆರೆದ ಮೇಲೆ ಒದ್ದೆ ಮಾಡಿ ಕೆನ್ನೆಗೆಲ್ಲ ಉಜ್ಜಿಕೊಳ್ಳುತ್ತಿದ್ದಿರಲ್ಲ, ಅದೇ ಬಿಳಿ ಕಲ್ಲು. ಒತ್ತಿ ಹಿಡಿದೆ. ನಿಂತ ಹಾಗಾಯಿತು. ತೆಗೆದರೆ ಮತ್ತೆ ಶುರು. ಎರಡನೆಯ ಟವೆಲ್ ಆಯಿತು. ಗಾರೆನೆಲದ ಮೇಲೆ ಹನಿಗಳು ಬಿದ್ದದ್ದನ್ನು ನೋಡಿ ಹಿರಿಯ ಹೆಂಗಸೊಬ್ಬರು, “ಹೊಸ ಮನ್ಯಾಗೆ ಹಿಂಗಾತಲ್ಲ,” ಅಂದದ್ದು ಕೇಳಿಸಿತು. ಸೌಮ್ಯಳ ಮುಖ ಬಿಳುಚಿಹೋಯಿತು. ಬಸಣ್ಣ ಕಾರು ತೆಗೆದ. ಅಂಜನಾಪುರದಿಂದ ಶಿಕಾರಿಪುರ ಎಷ್ಟು ದೂರ? ನೀವು ಸೈಕಲ್ಲಿನಲ್ಲಿ ಬಂದುಹೋಗುತ್ತಿದ್ದ ದಾರಿ. ಆವತ್ತು ಅದು ಮುಗಿಯಲೇ ಇಲ್ಲ. ಹಿಂದಿನ ಸೀಟಿನಲ್ಲಿ ಇವರ ತಲೆ ನನ್ನ ಹೆಗಲಿಗೆ ಒರಗಿತ್ತು, ನನ್ನ ಎರಡೂ ಕೈ ದವಡೆಯ ಮೇಲೆ. ಬೆರಳ ಸಂದಿಯಿಂದ ಬೆಚ್ಚಗೆ ಮಣಿಕಟ್ಟಿಗೆ ಇಳಿಯುತ್ತಿತ್ತು. “ಎಂತ ಆಗಲ್ಲ ಮಾರಾಯ್ತಿ,” ಅಂದರು ಒಂದು ಸಲ. ಆಮೇಲೆ ಅದನ್ನೂ ಅನ್ನಲಿಲ್ಲ. ಅವರು ಮಾತಾಡದೆ ಇದ್ದಾಗ ನಾನು ಟಿಕ್ ಟಿಕ್ ಕೇಳಿಸುತ್ತದೆಯೋ ಎಂದು ಕಿವಿಗೊಟ್ಟೆ. ಕಾರಿನ ಸದ್ದಿಗೆ ಏನೂ ಕೇಳಿಸಲಿಲ್ಲ.

ಆಸ್ಪತ್ರೆಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು, “ಪದೇಪದೇ ತೆಗೆದು ನೋಡಬೇಡಿ, ಹೀಗೇ ಒತ್ತಿ ಹಿಡೀಬೇಕು,” ಅಂದರು. ಆಮೇಲೆ, “ಈಚೆಗೆ ಬೇರೆ ಯಾವ್ದಾದ್ರೂ ಮಾತ್ರೆ ತಗೊಂಡಿದಾರಾ?” ಅಂತ ಕೇಳಿದರು. ನಾನು ಇಲ್ಲ ಅಂದೆ. ಇವರು ಕಣ್ಣು ಮುಚ್ಚಿಕೊಂಡೇ, “ಹಲ್ಲುನೋವಿಗೆ ತಗೊಂಡಿದ್ದೆ. ಮೆಡಿಕಲ್ಲಲ್ಲಿ ನಾನೇ ಕೇಳಿ ತಂದಿದ್ದು,” ಅಂದರು. ನನಗೇ ಗೊತ್ತಿರಲಿಲ್ಲ. ಆ ಮಾತ್ರೆ ಈ ಮಾತ್ರೆಗೆ ಸೇರಿ ರಕ್ತವನ್ನು ನೀರು ಮಾಡಿಟ್ಟಿತ್ತು. ಪರೀಕ್ಷೆಯ ಫಲಿತಾಂಶ ನೋಡಿ ಡಾಕ್ಟರಮ್ಮ ಫೋನು ಹಿಡಿದು ಹೊರಗೆ ಹೋದರು. ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ತಲೆ ಸ್ಕ್ಯಾನ್ ಮಾಡಿದರು. ಒಳಗೆ ಏನೂ ಆಗಿರಲಿಲ್ಲ. ರಕ್ತ ಹದಕ್ಕೆ ಬರುವವರೆಗೆ ಅಲ್ಲೇ ಇಟ್ಟುಕೊಂಡರು. ಬಿಡುವಾಗ ಅಲ್ಲಿನ ಡಾಕ್ಟರು ಹೇಳಿದ್ದು ಇದು: “ಗಾಯ ಹೊರಗಾಯ್ತು, ಕಣ್ಣಿಗೆ ಕಾಣಿಸ್ತು. ಗಡ್ಡ ಮಾಡ್ಕೊಳ್ಳದೇ ಇದ್ದಿದ್ರೆ ನಿಮಗೆ ಗೊತ್ತೇ ಆಗ್ತಿರಲಿಲ್ಲ. ಇನ್ನೆರಡು ದಿನ ಅದೇ ಮಾತ್ರೆ ನುಂಗಿದ್ರೆ ತಲೆಯೊಳಗೆ ಸೋರಬಹುದಿತ್ತು.” ಅಂದರೆ ಆ ಬ್ಲೇಡು ಇವರನ್ನು ಉಳಿಸಿತೆ ಅಪ್ಪಾಜಿ? ಕೊಲ್ಲಲು ಬಂದದ್ದಕ್ಕೆ ಕೈಮುಗಿಯಬೇಕೆ? ನನಗೆ ಇವತ್ತಿಗೂ ತಿಳಿಯುವುದಿಲ್ಲ.

ಸೊರಬಕ್ಕೆ ಬಂದ ಮೇಲೆ ಇವರು ರೇಜರನ್ನು ಮುಟ್ಟಲಿಲ್ಲ. ಮಿಷನ್ನನ್ನೂ ಮುಟ್ಟಲಿಲ್ಲ. ಗಡ್ಡ ಬೆಳೆಯಿತು. ಅಂಗಡಿಗೆ ಬಂದವರು, “ಏನ್ ನಾಗರಾಜಣ್ಣ, ಮಾಲೆ ಹಾಕಿದೀರಾ?” ಅಂತ ಕೇಳಲು ಶುರು ಮಾಡಿದರು. ಮೊದಲು ನಕ್ಕರು. ಆಮೇಲೆ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಕೆಲಸದ ಹುಡುಗರೇ ಬಂದು ಕೇಳಿಕೊಂಡು ಹೋಗುವರು. ಇವರ ಕೂದಲು ಗುಂಗುರು. ಗಂಟಲ ಕೆಳಗೆ ಅದು ಮತ್ತೆ ಚರ್ಮದೊಳಗೇ ತಿರುಗಿ ಚುಚ್ಚಿಕೊಂಡು ಗುಳ್ಳೆ ಎದ್ದಿತು. ತುರಿಕೆ ತಡೆಯಲಾರದೆ ಕೆರೆದುಕೊಳ್ಳುವರು. ದಿಂಬಿನ ಬಟ್ಟೆಯ ಮೇಲೆ ರಕ್ತದ ಚುಕ್ಕೆ. ನಾನು ಬೆಳಿಗ್ಗೆ ಎದ್ದ ಕೂಡಲೇ ಮೊದಲು ನೋಡುತ್ತಿದ್ದದ್ದು ಆ ದಿಂಬನ್ನು. ಕೊನೆಗೆ ಮಿಷನ್ ತೆಗೆದುಕೊಂಡು ಒತ್ತಿ ಒತ್ತಿ ಉಜ್ಜಿದರು. ಗುಳ್ಳೆಗಳು ಕೀವಾದವು. ಡಾಕ್ಟರಿಗೆ ತೋರಿಸಿದರೆ ಅವರು ನನ್ನ ಕಡೆ ತಿರುಗಿ, “ಲೋಹದ ಕವಾಟ ಇರೋರಿಗೆ ಚರ್ಮದ ಕೀವೂ ಸಣ್ಣದಲ್ಲ. ನಂಜು ರಕ್ತಕ್ಕೆ ಸೇರಿ ಕವಾಟಕ್ಕೆ ಹೋಗಿ ಕೂರಬಹುದು,” ಅಂದರು. ಗಡ್ಡ ತೆಗೆದರೂ ಭಯ, ಬಿಟ್ಟರೂ ಭಯ.

ಮುಲಾಮು, ಮಾತ್ರೆ ಕೊಟ್ಟರು, ಅದೂ ರಕ್ತ ತೆಳುಮಾಡುವ ಮಾತ್ರೆಗೆ ಹೊಂದುವುದನ್ನೇ ನೋಡಿ. ಗುಳ್ಳೆ ಪೂರ್ತಿ ಒಣಗಲಿ, ರಕ್ತದ ಪರೀಕ್ಷೆ ಸರಿ ಇರಲಿ ಅಂದರು. ಆಮೇಲೂ ಮಿಷನ್ನೇ ಒಳ್ಳೆಯದು. ಅದು ಆಗಿಬರದಿದ್ದರೆ ಬ್ಲೇಡಿನಲ್ಲಿ ಹಗುರವಾಗಿ ಒಂದೇ ಸುತ್ತು, ನುಣ್ಣಗೆ ಮಾಡುವ ಆಸೆ ಬೇಡ, ಗಾಯವಾದರೆ ಒತ್ತಿ ಹಿಡಿದು, ನಿಲ್ಲದಿದ್ದರೆ ತಕ್ಷಣ ಬನ್ನಿ ಅಂದರು. ನಾನು ನಮ್ಮ ಬೀದಿಯ ಸಲೂನಿನ ಮಂಜಣ್ಣನನ್ನು ಮನೆಗೆ ಕರೆದೆ. ನಮ್ಮ ಮದುವೆಯ ದಿನ ಇವರಿಗೆ ಕ್ಷೌರ ಮಾಡಿದವನು ಅವನೇ. ಎಲ್ಲ ಕೇಳಿಸಿಕೊಂಡು ಕೈಚೀಲವನ್ನು ಬಿಚ್ಚಲೇ ಇಲ್ಲ. “ಅಕ್ಕ, ನಂಗೆ ಇದೊಂದು ಹೇಳ್ಬೇಡಿ. ಅಣ್ಣನ ಮುಖ ನೋಡಿದ್ರೆ ಕೈ ಆಡೋದಿಲ್ಲ,” ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ನನಗೂ ಅದೇ ಅಲ್ಲವೆ ಆಗಿದ್ದು?

ಬಸಣ್ಣ ಬಂದ ದಿನ ಅಡುಗೆಮನೆಯಲ್ಲಿ ಅವನ ಹತ್ತಿರ ಮೆಲ್ಲಗೆ ಹೇಳಿದೆ, ನಾನೇ ಮಾಡೋಣ ಅಂತಿದ್ದೀನಿ ಅಣ್ಣ ಅಂತ. ಅವನು ಕಾಫಿ ಲೋಟ ಕೆಳಗಿಟ್ಟ. ಅಂಗಿ ಬಿಚ್ಚಿ, ಟವೆಲ್ ಹೊದ್ದು, ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ.

“ಏನ್ ಮಾಡ್ತಿ?” ಅಂದೆ.

“ನನ್ ಮಾರಿ ಮ್ಯಾಲೆ ಕಲಿ. ನಂದೇನು ಹಾಳಾಗಾದೈತೆ?”

ನನ್ನ ಕೈ ನಡುಗುತ್ತಿತ್ತು. ಬಿಸಿ ಬಟ್ಟೆ ಹಾಕಿದೆ, ನೊರೆ ಹಚ್ಚಿದೆ, ನಿಮ್ಮ ಮಾತುಗಳನ್ನು ಅವನು ನನಗೆ ದಾಟಿಸಿದ. ಎಡಗೈಯಲ್ಲಿ ಚರ್ಮ ಬಿಗಿಯಾಗಿ ಹಿಡಿ. ಎರಡು ಸಲ ಎಳೆದರೆ ಒಂದು ಸಲ ಬ್ಲೇಡು ತೊಳಿ. ಗದ್ದದ ಮೂಳೆ ಬಂದಲ್ಲಿ ನಿಲ್ಲು. ಅಲ್ಲೇ ನಾನು ನಿಲ್ಲಲಿಲ್ಲ. ಗದ್ದದಲ್ಲಿ ಒಂದು ಕೆಂಪು ಹನಿ ಮೂಡಿತು. ಕೈಯಲ್ಲಿದ್ದ ರೇಜರು ಬಟ್ಟಲಿಗೆ ಬಿತ್ತು. ಬಸಣ್ಣ ಪಟಿಕ ತಾಗಿಸಿದ, ತೆಗೆದ. ನಿಂತಿತ್ತು. ಅಷ್ಟೇ, ನಿಂತೇಬಿಟ್ಟಿತ್ತು. ನಾನು ಅವನ ಗದ್ದವನ್ನೇ ನೋಡುತ್ತ ಅತ್ತುಬಿಟ್ಟೆ. ಜನರ ರಕ್ತ ಇಷ್ಟು ಸುಲಭವಾಗಿ ನಿಲ್ಲುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು ಅಪ್ಪಾಜಿ. ಅವನು, “ಅಳಬ್ಯಾಡ, ಈ ಕಡಿ ಕೆನ್ನೆ ಉಳೀತು, ಮಾಡು,” ಅಂದ. ಆಮೇಲೂ ಮೂರ್ನಾಲ್ಕು ಸಲ ಶಿಕಾರಿಪುರದಿಂದ ಗಡ್ಡ ಬೆಳೆಸಿಕೊಂಡೇ ಬಂದ. ಅತ್ತಿಗೆ ಕೇಳಿದರೆ ಅಂಗಡಿಯಲ್ಲಿ ಪುರುಸೊತ್ತಿಲ್ಲ ಅಂದಿದ್ದನಂತೆ.

ಇವರಿಗೆ ಮೊದಲ ಸಲ ಮಾಡಿದ್ದು ಒಂದು ಭಾನುವಾರ, ಬಿಸಿಲು ಚೆನ್ನಾಗಿ ಬಂದ ಮೇಲೆ. ಗುಳ್ಳೆ ಒಣಗಿತ್ತು, ರಕ್ತದ ಪರೀಕ್ಷೆ ಸರಿಯಾಗಿ ಬಂದಿತ್ತು. ಕತ್ತರಿಯಲ್ಲಿ ಉದ್ದ ಕೂದಲು ತೆಗೆದು, ಬಿಸಿ ಬಟ್ಟೆ ಇಟ್ಟೆ.

“ನೀನ್ ಮಾಡ್ತೀಯಾ?” ಅಂದರು.

“ಹ್ಞೂಂ.”

“ಸೂಜಿಗೆ ದಾರ ಹಾಕೋಕೆ ನನ್ನ ಕರೀತೀಯ ನೀನು.”

“ಹೌದು. ಹೆದರಿಕೆ ಆಗ್ತಿದೆ. ಬೇಡ ಅಂದ್ರೆ ಬಿಡ್ತೀನಿ.”

ಅವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ಆಮೇಲೆ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದರು. ಆ ಗಂಟಲು ಬಿಸಿಲಲ್ಲಿ ಹಾಗೆ ತೆರೆದುಕೊಂಡಾಗ ನನಗೆ ಏನಾಯಿತೆಂದು ಹೇಗೆ ಹೇಳಲಿ? ಬಗ್ಗಿದರೆ ಎದೆಯ ಟಿಕ್ ಟಿಕ್ ಕಿವಿಗೆ ಬೀಳುತ್ತದೆ. ಎದುರಿಗೆ ಆ ಹಳೆಯ ಗೀರಿನ ಗುರುತು. ಬೆರಳಿನಿಂದ ಕೆನ್ನೆ ಸವರಿ ಕೂದಲು ಯಾವ ಕಡೆ ಮಲಗಿದೆ ನೋಡಿದೆ. ಕೆನ್ನೆಯಲ್ಲಿ ಕೆಳಗೆ, ದವಡೆಯ ಹತ್ತಿರ ಕಿವಿಯ ಕಡೆ, ಗಂಟಲಲ್ಲಿ ಒಂದು ಸುಳಿ. ಇಪ್ಪತ್ತು ವರ್ಷ ಜೊತೆಗಿದ್ದರೂ ಆ ಸುಳಿ ನೋಡಿರಲಿಲ್ಲ. ನೊರೆ ಒಣಗಿದರೆ ಮತ್ತೆ ಹಚ್ಚಿದೆ. ಒತ್ತಲಿಲ್ಲ. ಸುಳಿಯ ಸುತ್ತ ಹಾಗೇ ಬಿಟ್ಟೆ. ಮುಗಿದಾಗ ಗಂಟಲಲ್ಲಿ ಅಲ್ಲಲ್ಲಿ ಕೂದಲು ಉಳಿದಿತ್ತು, ಕೊಯ್ದ ಗದ್ದೆಯ ಕೂಳೆಯ ಹಾಗೆ. ರಕ್ತ ಮಾತ್ರ ಇರಲಿಲ್ಲ. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ವಾಂತಿ ಮಾಡಿಕೊಂಡೆ.

ನೀವು ಪಟಿಕ ಉಜ್ಜಿ, “ಉರೀಲಿ, ಉರಿದ್ರೇನೇ ಚರ್ಮ ಗಟ್ಟಿ,” ಅನ್ನುತ್ತಿದ್ದದ್ದು ನೆನಪಿತ್ತು. ಬಚ್ಚಲಿನಿಂದ ಬಂದು ಹಾಗೇ ಮಾಡಿದೆ. ಇವರು ಕುರ್ಚಿಯಿಂದ ಎದ್ದೇಬಿಟ್ಟರು. ಸಂಜೆಯವರೆಗೆ ಕತ್ತು ಕೆಂಡದ ಹಾಗೆ ಕೆಂಪಗಿತ್ತು. ಆ ಕೆಂಪು ಮತ್ತೆ ಗುಳ್ಳೆಯಾದರೆ, ಗುಳ್ಳೆ ಕೀವಾದರೆ, ಕೀವು... ಈ ಒಂದು ವಿಷಯದಲ್ಲಿ ನಿಮ್ಮ ಮಾತು ನಮಗೆ ಆಗಿಬರಲಿಲ್ಲ ಅಪ್ಪಾಜಿ, ಬೇಜಾರು ಮಾಡಿಕೊಳ್ಳಬೇಡಿ. ಈಗ ಮುಗಿದ ಮೇಲೆ ತಣ್ಣೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು ಕತ್ತಿನ ಮೇಲೆ ಇಡುತ್ತೇನೆ. ಉಜ್ಜುವುದಿಲ್ಲ, ಒತ್ತಿ ಒರೆಸುತ್ತೇನೆ. ಆಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ. ಕುಂಡದ ಲೋಳೆಸರ ಒಳ್ಳೆಯದು ಅಂದರು ಯಾರೋ. ಮೊದಲು ನನ್ನ ಕಿವಿಯ ಹಿಂದೆ, ಆಮೇಲೆ ಅವರ ಕಿವಿಯ ಹಿಂದೆ ಹಚ್ಚಿ ಒಂದು ದಿನ ನೋಡಿ, ಆಮೇಲೇ ಕತ್ತಿಗೆ ಹಚ್ಚಿದೆ. ವಾಸನೆಯ ನೀರು ಗೀರು ಏನೂ ಇಲ್ಲ. ದಿನಾ ಮಾಡುವುದಿಲ್ಲ, ಚರ್ಮಕ್ಕೆ ಬಿಡುವು ಕೊಡುತ್ತೇನೆ. ಕೆಂಪು ಇಳಿಯಿತು. ದಿಂಬು ಬೆಳ್ಳಗಿದೆ. ಇವರು ಅಂಗಡಿಗೆ ಹೋಗುತ್ತಿದ್ದಾರೆ. ಮೊನ್ನೆ ಚಂದ್ರಗುತ್ತಿಯಿಂದ ಬಂದವರೊಬ್ಬರು, “ಎಲ್ಲಿ ಶೇವಿಂಗ್ ಮಾಡ್ಸಿದ್ದು, ಬಾಳ ಚೊಕ್ಕ ಆಗಿದೆ,” ಎಂದು ಕೇಳಿದರಂತೆ. ಇವರು ಮಂಜಣ್ಣನ ಹೆಸರು ಹೇಳಿ ಬಂದಿದ್ದಾರೆ.

ಇವತ್ತು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಬಚ್ಚಲ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಬಿಸಿನೀರಿನ ಸದ್ದು, ಬಟ್ಟಲಿಗೆ ಬ್ರಷ್ಷು ತಾಗುವ ಸದ್ದು. ನನ್ನನ್ನು ಕರೆದಿರಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲ ಹೊರಗೆ ನಿಂತೆ. ಒಳಗೆ ಸರ್ರ್, ಆಮೇಲೆ ನೀರು. ಸರ್ರ್, ನೀರು. ಸದ್ದು ನಿಂತಾಗೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು. ಬಾಗಿಲು ಬಡಿದರೆ ಅವರ ಕೈ ತಪ್ಪಬಹುದು. ಬಡಿಯದೆ ಇದ್ದರೆ... ಎಷ್ಟು ಹೊತ್ತು ನಿಂತಿದ್ದೆನೋ. “ಗಿರಿಜಾ,” ಎಂದು ಕರೆದರು.

ಬಾಗಿಲು ತೆರೆದರು. ಎರಡೂ ಕೆನ್ನೆ ನುಣ್ಣಗೆ ಕೆರೆದಿದ್ದರು, ಗದ್ದವೂ ಆಗಿತ್ತು. ಒಂದು ಚುಕ್ಕೆ ರಕ್ತವಿಲ್ಲ. ಗಂಟಲಿನ ಮೇಲೆ ಮಾತ್ರ ನೊರೆ ಹಾಗೇ ಇತ್ತು. ರೇಜರಿನ ಹಿಡಿಯನ್ನು ನನ್ನ ಕಡೆ ತಿರುಗಿಸಿ ಚಾಚಿದರು.

“ಇಲ್ಲಿಗೆ ನನ್ನ ಧೈರ್ಯ ಮುಗೀತು,” ಅಂದರು. “ಇದಿಷ್ಟು ನೀನೇ ಮಾಡು.”

ಕೈ ತೊಳೆದುಕೊಂಡು ಬಂದು ಮಾಡಿದೆ. ಅವರು ನಿಂತೇ ಇದ್ದರು, ನನ್ನ ಭುಜ ಹಿಡಿದುಕೊಂಡು. ನನ್ನ ಕೈ ಮೊದಲಿನಷ್ಟು ನಡುಗಲಿಲ್ಲ. ಅದಕ್ಕೇ ಈ ಪತ್ರ ಅಪ್ಪಾಜಿ. ಕೈ ನಡುಗದೆ ಹೋದದ್ದು ಕಂಡು ನನಗೆ ಈಗ ಬೇರೆಯೇ ದಿಗಿಲು ಹತ್ತಿದೆ. ಒಂದು ದಿನ ಇದೂ ಹಲ್ಲುಜ್ಜಿದ ಹಾಗೆ ಆಗಿ, ನಾನು ಬೇರೇನೋ ಯೋಚಿಸುತ್ತ ಆ ಗಂಟಲ ಮೇಲೆ ಕೈ ಓಡಿಸಿಬಿಟ್ಟರೆ? ನಿಮಗೆ ಮಾತು ಕೊಡುತ್ತೇನೆ. ಯಾವ ಬೆಳಿಗ್ಗೆ ನನಗೆ ಹೆದರಿಕೆಯಾಗುವುದಿಲ್ಲವೋ, ಆ ಬೆಳಿಗ್ಗೆ ನಾನು ರೇಜರನ್ನು ಕೈಗೆತ್ತಿಕೊಳ್ಳುವುದಿಲ್ಲ.

ನಿಮ್ಮ ಮಗಳು,
ಗಿರಿಜೆ